ಹಳೆ ವಿದ್ಯಾರ್ಥಿ ಸಂಘದಲ್ಲಿ ನ್ಯಾಯಮೂರ್ತಿ: ಸದಸ್ಯತ್ವ ಎಲ್ಲಿಯವರೆಗೆ ಸರಿ, ಪೀಠದಿಂದ ಹಿಂದೆ ಸರಿಯಬೇಕಾದ್ದು ಯಾವಾಗ

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಂದೇ ಪ್ರಶ್ನೆಯ ಮೇಲೆ ಎರಡು ವಿಶ್ವವಿದ್ಯಾಲಯಗಳ ವಿರುದ್ಧ ತೀರ್ಪು ಕೊಟ್ಟಿತು. ಪ್ರವೇಶ ಕೊಡುವಾಗ ವಿದ್ಯಾರ್ಥಿಯ ಜನಾಂಗವನ್ನು ಪರಿಗಣಿಸಬಹುದೇ ಎನ್ನುವುದು ಆ ಪ್ರಶ್ನೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಮತಗಳು 6-3. ಹಾರ್ವರ್ಡ್ ಮೊಕದ್ದಮೆಯಲ್ಲಿ 6-2. ಒಂಬತ್ತು ಮಂದಿಯ ಕೋರ್ಟಿನಲ್ಲಿ ಒಂದು ಮತ ಎಲ್ಲಿ ಹೋಯಿತು? ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ಹಾರ್ವರ್ಡ್ ಮೊಕದ್ದಮೆಯನ್ನು ಕೇಳಲೇ ಇಲ್ಲ. ಅವರು ಹಾರ್ವರ್ಡಿನ ಹಳೆ ವಿದ್ಯಾರ್ಥಿನಿ. ಆದರೆ ಕಾರಣ ಅದಲ್ಲ. ಅದೇ ಪೀಠದಲ್ಲಿ ಕೂತು ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ನ್ಯಾಯಮೂರ್ತಿಗಳಾದ ಗೋರ್ಸಚ್ ಮತ್ತು ಕೇಗನ್ ಮೂವರೂ ಹಾರ್ವರ್ಡ್ ಲಾ ಸ್ಕೂಲಿನಲ್ಲೇ ಓದಿದವರು. ಕೇಗನ್ ಅಂತೂ 2003ರಿಂದ 2009ರವರೆಗೆ ಅಲ್ಲಿ ಡೀನ್ ಆಗಿದ್ದರು. ಜಾಕ್ಸನ್ 2022ರವರೆಗೂ ಹಾರ್ವರ್ಡಿನ ಮೇಲ್ವಿಚಾರಣಾ ಮಂಡಳಿಯಲ್ಲಿ ಸದಸ್ಯೆಯಾಗಿದ್ದರು. ವ್ಯತ್ಯಾಸ ಅಷ್ಟೇ.

ಕಾನೂನು ಕಾಲೇಜಿನ ಹಳೆ ವಿದ್ಯಾರ್ಥಿ ಸಂಘಗಳು ತಮ್ಮ ಪಟ್ಟಿಯಲ್ಲಿ ನ್ಯಾಯಾಧೀಶರ ಹೆಸರುಗಳನ್ನು ಹೆಮ್ಮೆಯಿಂದ ಹಾಕಿಕೊಳ್ಳುತ್ತವೆ: ಯಾರು, ಯಾವ ಬ್ಯಾಚ್, ಈಗ ಯಾವ ಕೋರ್ಟು. ಆ ಪಟ್ಟಿ ನೋಡಿದ ಕಕ್ಷಿದಾರನಿಗೆ ಮಾತ್ರ ಬೇರೆಯೇ ಅನುಮಾನ ಹುಟ್ಟುತ್ತದೆ. ಎದುರು ವಕೀಲರೂ ಅದೇ ಕಾಲೇಜು, ಅದೇ ಸಂಘ. ನನ್ನ ಮೊಕದ್ದಮೆಯ ಗತಿಯೇನು? ಈ ಅನುಮಾನ ಬರುವುದು ಸಹಜ. ಅದಕ್ಕೆ ಕಾನೂನಿನಲ್ಲಿ ಉತ್ತರವೂ ಇದೆ. ಸಂಘದ ಸದಸ್ಯತ್ವ ಸಾಮಾನ್ಯವಾಗಿ ತೊಡಕಲ್ಲ. ತೊಡಕಾಗುವುದು ಅಲ್ಲಿ ಹಿಡಿದ ಹುದ್ದೆ, ಮುಟ್ಟಿದ ಹಣ, ಆಡಿದ ಮಾತು.

ಮೊದಲು ಅಳತೆಗೋಲು ಯಾವುದೆಂದು ತಿಳಿಯಬೇಕು. ನ್ಯಾಯಾಧೀಶರ ಮನಸ್ಸಿನಲ್ಲಿ ನಿಜಕ್ಕೂ ಪಕ್ಷಪಾತ ಇತ್ತೇ ಎಂದು ಯಾವ ಕೋರ್ಟೂ ಅಗೆದು ನೋಡುವುದಿಲ್ಲ. ಅದು ಆಗುವ ಕೆಲಸವೂ ಅಲ್ಲ. ಇಂಗ್ಲೆಂಡಿನಲ್ಲಿ 2001ರ ಪೋರ್ಟರ್ ವಿರುದ್ಧ ಮ್ಯಾಗಿಲ್ ತೀರ್ಪು ಅಳತೆಯನ್ನು ಹೀಗಿಟ್ಟಿತು: ಸಂಗತಿಗಳನ್ನೆಲ್ಲ ತಿಳಿದ, ಸಮಚಿತ್ತದ ಹೊರಗಿನವನೊಬ್ಬ ನೋಡಿದರೆ ಪಕ್ಷಪಾತದ ನಿಜವಾದ ಸಾಧ್ಯತೆ ಇದೆ ಎಂದು ಅವನಿಗೆ ಅನ್ನಿಸುತ್ತದೆಯೇ? ನಮ್ಮ ಸುಪ್ರೀಂ ಕೋರ್ಟ್ 1987ರ ರಂಜಿತ್ ಠಾಕೂರ್ ತೀರ್ಪಿನಲ್ಲಿ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು, ನ್ಯಾಯಾಧೀಶ ತನ್ನ ಮನಸ್ಸನ್ನಲ್ಲ, ಎದುರಿಗಿರುವ ಕಕ್ಷಿಯ ಮನಸ್ಸನ್ನು ನೋಡಬೇಕು ಎಂದಿತು. ‘ಸಂಗತಿಗಳನ್ನೆಲ್ಲ ತಿಳಿದ’ ಎಂಬ ಮಾತನ್ನು ಜನ ಸುಲಭವಾಗಿ ಮರೆಯುತ್ತಾರೆ. ಒಂದೇ ಫೋಟೋದಲ್ಲಿ ಇಬ್ಬರೂ ನಿಂತಿದ್ದನ್ನು ಕಂಡು ತೀರ್ಮಾನಕ್ಕೆ ಬರುವವನು ಈ ವೀಕ್ಷಕನಲ್ಲ. ಆ ಸಮಾರಂಭದಲ್ಲಿ ನಾನೂರು ಜನ ಇದ್ದರು, ಇಬ್ಬರೂ ಮತ್ತೆ ಭೇಟಿಯಾಗಿಲ್ಲ ಎಂಬುದೂ ಅವನಿಗೆ ಗೊತ್ತಿರುತ್ತದೆ.

ಹಳೆ ವಿದ್ಯಾರ್ಥಿ ನಂಟಿನ ಬಗ್ಗೆ ನೇರವಾಗಿ ಮಾತಾಡಿದ ತೀರ್ಪು ಲೋಕಾಬೇಲ್. 1999ರ ನವೆಂಬರಿನಲ್ಲಿ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ ಇಂಥ ಐದು ಮೇಲ್ಮನವಿಗಳನ್ನು ಒಟ್ಟಿಗೆ ಕೇಳಿತು. ನ್ಯಾಯಾಧೀಶರ ಸಾಮಾಜಿಕ ಹಿನ್ನೆಲೆ, ಓದಿನ ಹಿನ್ನೆಲೆ, ಹಿಂದಿನ ಉದ್ಯೋಗ, ಸಾಮಾಜಿಕ ಅಥವಾ ದತ್ತಿ ಸಂಸ್ಥೆಗಳ ಸದಸ್ಯತ್ವ ಇವುಗಳ ಮೇಲೆ ಎತ್ತಿದ ಆಕ್ಷೇಪ ಸಾಮಾನ್ಯವಾಗಿ ನಿಲ್ಲುವುದಿಲ್ಲ ಎಂದು ಹೇಳಿತು. ಆದರೆ ಕಕ್ಷಿಯ ಜತೆ ವೈಯಕ್ತಿಕ ಗೆಳೆತನ ಅಥವಾ ಹಗೆ ಇದ್ದರೆ, ಮೊಕದ್ದಮೆಯ ವಿಷಯದಲ್ಲೇ ಮೊದಲೇ ಗಟ್ಟಿಯಾಗಿ ಅಭಿಪ್ರಾಯ ಹೇಳಿದ್ದರೆ ಮಾತು ಬೇರೆ. ಐದರಲ್ಲಿ ಒಂದು ಮೇಲ್ಮನವಿ ಗೆದ್ದದ್ದು ಈ ಕೊನೆಯ ಕಾರಣಕ್ಕೆ: ಅಪಘಾತ ಪರಿಹಾರದ ಮೊಕದ್ದಮೆ ಕೇಳಿದ ನ್ಯಾಯಾಧೀಶರು ವಕೀಲರಾಗಿ ವಿಮಾ ಕಂಪನಿಗಳ ಧೋರಣೆಯನ್ನು ಟೀಕಿಸಿ ಲೇಖನಗಳನ್ನು ಬರೆದಿದ್ದರು. ಎಲ್ಲಿ ಓದಿದರು ಎಂಬುದಕ್ಕಿಂತ ಏನು ಬರೆದರು ಎಂಬುದೇ ಭಾರವಾಯಿತು. ಇನ್ನೊಂದು ಮಾತನ್ನೂ ಆ ತೀರ್ಪು ಸೇರಿಸಿತು: ನಂಟು ಹಳೆಯದಾದಷ್ಟೂ ಆಕ್ಷೇಪ ಸಡಿಲವಾಗುತ್ತದೆ.

ಅಮೆರಿಕದ್ದೂ ಬಹುಮಟ್ಟಿಗೆ ಇದೇ ದಾರಿ. 1994ರಲ್ಲಿ ಎಂಟನೇ ಸರ್ಕಿಟ್ ಮೇಲ್ಮನವಿ ಕೋರ್ಟಿಗೆ ಬಂದ ಲುಂಡೆ ಪ್ರಕರಣದಲ್ಲಿ ಅಯೋವಾ ವಿಶ್ವವಿದ್ಯಾಲಯದ ವಿರುದ್ಧದ ದಾವೆಯನ್ನು ಅಲ್ಲಿಯ ಲಾ ಸ್ಕೂಲಿನ ಹಳೆ ವಿದ್ಯಾರ್ಥಿಯೇ ಆದ ನ್ಯಾಯಾಧೀಶರು ಕೇಳಿದ್ದರು. ಅವರು ಕಾಲೇಜಿಗೆ ದೇಣಿಗೆ ಕೊಟ್ಟಿದ್ದರು, ಉಪನ್ಯಾಸವನ್ನೂ ಮಾಡಿದ್ದರು. ಇಷ್ಟಕ್ಕೇ ಹಿಂದೆ ಸರಿಯಬೇಕಿಲ್ಲ ಎಂದಿತು ಕೋರ್ಟು. ಕೊಡುವವನಾಗಿ ಇರುವುದಕ್ಕೂ ನಡೆಸುವವನಾಗಿ ಇರುವುದಕ್ಕೂ ವ್ಯತ್ಯಾಸವಿದೆ.

ನಡೆಸುವವನಾದರೆ ಏನಾಗುತ್ತದೆ ಎಂಬುದಕ್ಕೆ ಲಿಲ್ಜೆಬರ್ಗ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಲೂಸಿಯಾನಾದ ಕೆನ್ನರ್ ಎಂಬಲ್ಲಿ ಆಸ್ಪತ್ರೆ ಕಟ್ಟಲು ಹೊರಟ ಒಂದು ಕಂಪನಿ ಯಾರದ್ದು ಎಂಬ ವ್ಯಾಜ್ಯ. ನ್ಯಾಯಾಧೀಶ ರಾಬರ್ಟ್ ಕಾಲಿನ್ಸ್ 1982ರ ಜನವರಿಯಲ್ಲಿ ವಿಚಾರಣೆ ನಡೆಸಿ ಮಾರ್ಚಿನಲ್ಲಿ, ಕಕ್ಷಿಗಳಲ್ಲಿ ಒಬ್ಬರಾದ ಲಿಲ್ಜೆಬರ್ಗ್ ಪರ ತೀರ್ಪು ಕೊಟ್ಟರು. ಅವರು ನ್ಯೂ ಆರ್ಲಿಯನ್ಸಿನ ಲೊಯೋಲಾ ವಿಶ್ವವಿದ್ಯಾಲಯದ ಟ್ರಸ್ಟಿಯೂ ಆಗಿದ್ದರು. ಆ ವಿಶ್ವವಿದ್ಯಾಲಯವೋ ಇದೇ ಆಸ್ಪತ್ರೆಗೆ ತನ್ನ ಜಮೀನು ಮಾರಲು ಇದೇ ಲಿಲ್ಜೆಬರ್ಗ್ ಜತೆ ಮಾತುಕತೆಯಲ್ಲಿತ್ತು. ಲಿಲ್ಜೆಬರ್ಗ್ ಗೆದ್ದರೆ ಜಮೀನಿನ ವ್ಯವಹಾರ ಮುಂದೆ ಸಾಗುತ್ತದೆ. ಟ್ರಸ್ಟಿಗಳ ಸಭೆಯಲ್ಲಿ ಈ ಮಾತು ಚರ್ಚೆಯಾಗಿತ್ತು, ನ್ಯಾಯಾಧೀಶರು ಅಂಥ ಸಭೆಯಲ್ಲಿ ಕೂತಿದ್ದರು. ವಿಚಾರಣೆ ನಡೆಸುವಾಗ ತನಗದು ನೆನಪೇ ಇರಲಿಲ್ಲ ಎಂದು ಅವರು ಆಮೇಲೆ ಹೇಳಿದರು. ತೀರ್ಪಾದ ಕೆಲವೇ ದಿನಕ್ಕೆ, ಮುಂದಿನ ಸಭೆಯ ಕಾಗದಪತ್ರ ಓದುವಾಗ, ನೆನಪಾಯಿತು. ಆಗಲೂ ಅವರು ಕಕ್ಷಿಗಳಿಗೆ ತಿಳಿಸಲಿಲ್ಲ. ಸೋತವರಿಗೆ ವಿಷಯ ಗೊತ್ತಾಗಲು ಹತ್ತು ತಿಂಗಳು ಹಿಡಿಯಿತು. 1988ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಆ ತೀರ್ಪನ್ನು ತೆಗೆದುಹಾಕಿದ್ದನ್ನು ಒಪ್ಪಿತು. ಮರೆತಿದ್ದರು ಎಂಬುದು ಉತ್ತರವಲ್ಲ. ನಿಷ್ಪಕ್ಷತೆಯನ್ನು ಪ್ರಶ್ನಿಸಲು ಹೊರಗಿನವನಿಗೆ ಸಕಾರಣವಿದ್ದರೆ ನ್ಯಾಯಾಧೀಶರಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ನಿರ್ಣಾಯಕವಾಗುವುದಿಲ್ಲ ಎಂದಿತು.

ಈ ಪ್ರಕರಣದಲ್ಲಿ ವಿಶ್ವವಿದ್ಯಾಲಯ ಕಕ್ಷಿಯೇ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಎಡವುವುದು ಹೆಚ್ಚಾಗಿ ಇಲ್ಲೇ. ಕಾಲೇಜಿನ ಹೆಸರು ಮೊಕದ್ದಮೆಯ ಶೀರ್ಷಿಕೆಯಲ್ಲಿ ಕಂಡರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಕಾಲೇಜಿನ ಜಮೀನಿನ ಪಕ್ಕದ ಜಮೀನು, ಅದರ ಕಟ್ಟಡ ಕಟ್ಟಿದ ಗುತ್ತಿಗೆದಾರ, ಅದಕ್ಕೆ ಸಾಲ ಕೊಟ್ಟ ಬ್ಯಾಂಕು ಕಕ್ಷಿಯಾಗಿ ಬಂದಾಗ ಯಾರಿಗೂ ಹೊಳೆಯುವುದಿಲ್ಲ. ಅಮೆರಿಕದ ಫೆಡರಲ್ ಕಾಯ್ದೆ ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳುತ್ತದೆ: ಶಿಕ್ಷಣ ಅಥವಾ ದತ್ತಿ ಸಂಸ್ಥೆಯಲ್ಲಿ ನ್ಯಾಯಾಧೀಶರು ಹುದ್ದೆ ಹೊಂದಿದ್ದರೂ ಆ ಸಂಸ್ಥೆಯ ಕೈಯಲ್ಲಿರುವ ಷೇರುಗಳಲ್ಲಿ ಅವರಿಗೆ ಹಣಕಾಸಿನ ಹಿತಾಸಕ್ತಿ ಇದೆ ಎಂದು ಲೆಕ್ಕ ಹಾಕುವುದಿಲ್ಲ. ಆದರೆ ಆ ಸಂಸ್ಥೆಯೇ ಕಕ್ಷಿಯಾಗಿ, ನ್ಯಾಯಾಧೀಶರು ಅದರ ಪದಾಧಿಕಾರಿಯೋ ನಿರ್ದೇಶಕರೋ ಟ್ರಸ್ಟಿಯೋ ಆಗಿದ್ದರೆ ಹಿಂದೆ ಸರಿಯುವುದು ಕಡ್ಡಾಯ. ಸ್ವಂತ ಷೇರಿನ ವಿಷಯದಲ್ಲಂತೂ ಎಷ್ಟೇ ಚಿಕ್ಕ ಪಾಲಾದರೂ ವಿನಾಯಿತಿ ಇಲ್ಲ.

ಸಂಬಳವಿಲ್ಲದ ಹುದ್ದೆ, ಬರೀ ಸೇವೆ ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ. 1998ರ ನವೆಂಬರ್ 25ರಂದು ಬ್ರಿಟನ್ನಿನ ಅಂದಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಚೆಗೆ ಬಂಧನದಿಂದ ರಕ್ಷಣೆ ಇಲ್ಲವೆಂದು 3-2ರಲ್ಲಿ ತೀರ್ಪು ಕೊಟ್ಟಿತು. ಅದರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮಧ್ಯಪ್ರವೇಶಿಸಿ ವಾದ ಮಂಡಿಸಿತ್ತು. ಬಹುಮತದಲ್ಲಿದ್ದ ಲಾರ್ಡ್ ಹಾಫ್‌ಮನ್ ಆಮ್ನೆಸ್ಟಿಯ ದತ್ತಿ ಅಂಗಸಂಸ್ಥೆಯ ನಿರ್ದೇಶಕರೂ ಅಧ್ಯಕ್ಷರೂ ಆಗಿದ್ದರು. ಒಂದು ಪೌಂಡ್ ಸಂಬಳವಿಲ್ಲ. ಮೂರು ವಾರ ಕಳೆದು ಡಿಸೆಂಬರ್ 17ರಂದು ಅದೇ ಹೌಸ್ ಆಫ್ ಲಾರ್ಡ್ಸ್ ತನ್ನದೇ ತೀರ್ಪನ್ನು ರದ್ದು ಮಾಡಿತು. ಏಳು ಮಂದಿಯ ಹೊಸ ಪೀಠ ಎಲ್ಲವನ್ನೂ ಮೊದಲಿನಿಂದ ಕೇಳಿ 1999ರ ಮಾರ್ಚ್ 24ರಂದು ತೀರ್ಪು ಹೇಳಬೇಕಾಯಿತು. ಐವರ ಪೀಠದಲ್ಲಿ ಒಬ್ಬರ ಕುರ್ಚಿ ತಪ್ಪಾದರೆ ಉಳಿದ ನಾಲ್ವರ ಶ್ರಮವೂ ನೀರುಪಾಲು. ದೊಡ್ಡ ಪೀಠಗಳಲ್ಲಿ ಒಬ್ಬರು ಅಜಾಗರೂಕರಾದರೆ ಬೆಲೆ ತೆರುವವರು ಎಲ್ಲರೂ.

ಇದರ ಪಕ್ಕದಲ್ಲೇ 2008ರ ಹೆಲೋ ಪ್ರಕರಣವನ್ನು ಇಟ್ಟು ನೋಡಿದರೆ ಗೆರೆ ಸ್ಪಷ್ಟವಾಗುತ್ತದೆ. ಸ್ಕಾಟ್ಲೆಂಡಿನ ನ್ಯಾಯಾಧೀಶೆ ಲೇಡಿ ಕಾಸ್ಗ್ರೋವ್ ಯಹೂದಿ ವಕೀಲರು ಮತ್ತು ನ್ಯಾಯವಿದರ ಅಂತರರಾಷ್ಟ್ರೀಯ ಸಂಘದ ಸದಸ್ಯೆ. ಸಂಘದ ಪತ್ರಿಕೆಯಲ್ಲಿ ಪ್ಯಾಲೆಸ್ಟೀನಿಯರ ಹೋರಾಟದ ವಿರುದ್ಧ ಖಾರವಾದ ಲೇಖನಗಳು ಬರುತ್ತಿದ್ದವು. ಆಶ್ರಯ ಕೋರಿದ ಪ್ಯಾಲೆಸ್ಟೀನಿ ಮಹಿಳೆಯ ಅರ್ಜಿಯನ್ನು ಅವರು ತಳ್ಳಿಹಾಕಿದ ಮೇಲೆ ಆಕ್ಷೇಪ ಬಂತು. ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಸಂಘದ ಸದಸ್ಯರಾದ ಮಾತ್ರಕ್ಕೆ ಅದರ ಪತ್ರಿಕೆಯಲ್ಲಿ ಬಂದದ್ದೆಲ್ಲ ಸದಸ್ಯರ ಅಭಿಪ್ರಾಯವಾಗುವುದಿಲ್ಲ. ಲೇಖನಗಳನ್ನು ತಾನು ಒಪ್ಪುತ್ತೇನೆ ಎಂದು ಆ ನ್ಯಾಯಾಧೀಶೆ ಎಲ್ಲೂ ಸೂಚಿಸಿರಲಿಲ್ಲ. ಹಾಫ್‌ಮನ್ ಅವರು ಸಂಸ್ಥೆಯನ್ನು ನಡೆಸುತ್ತಿದ್ದರು, ಆ ಸಂಸ್ಥೆ ಮೊಕದ್ದಮೆಯ ಒಳಗಿತ್ತು. ಇಲ್ಲಿ ಎರಡೂ ಇರಲಿಲ್ಲ.

ಈಗ ನಮ್ಮ ನಿಯಮಗಳಿಗೆ ಬರೋಣ. 1997ರ ಮೇ 7ರಂದು ಭಾರತದ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳ ಸಭೆ ನ್ಯಾಯಾಂಗ ಜೀವನದ ಮೌಲ್ಯಗಳ ಪುನರುಚ್ಚಾರ ಎಂಬ 16 ಅಂಶಗಳ ಸಂಹಿತೆಯನ್ನು ಅಂಗೀಕರಿಸಿತು. ಅದರ ಪ್ರಕಾರ ನ್ಯಾಯಮೂರ್ತಿ ಯಾವುದೇ ಕ್ಲಬ್ಬು, ಸೊಸೈಟಿ, ಸಂಘದ ಹುದ್ದೆಗೆ ಚುನಾವಣೆಗೆ ನಿಲ್ಲಬಾರದು. ಕಾನೂನಿಗೆ ಸಂಬಂಧಪಟ್ಟ ಸಂಸ್ಥೆಯನ್ನು ಬಿಟ್ಟು ಬೇರೆಡೆ ಚುನಾಯಿತ ಹುದ್ದೆ ಹಿಡಿಯಬಾರದು. ಕಾನೂನು ಕಾಲೇಜಿನ ಹಳೆ ವಿದ್ಯಾರ್ಥಿ ಸಂಘ ‘ಕಾನೂನಿಗೆ ಸಂಬಂಧಪಟ್ಟದ್ದೇ’? ಅಕ್ಷರಶಃ ಓದಿದರೆ ಹೌದೆನ್ನಬಹುದು. ಆದರೂ ಪೀಠದಲ್ಲಿರುವವರು ಸಂಘದ ಚುನಾಯಿತ ಅಧ್ಯಕ್ಷರೋ ಖಜಾಂಚಿಯೋ ಆಗುವುದು ನನ್ನ ಲೆಕ್ಕದಲ್ಲಿ ತಪ್ಪು ನಿರ್ಧಾರ. ಮತದಾರರೆಲ್ಲ ನಾಳೆ ಅವರ ಮುಂದೆಯೇ ವಕಾಲತ್ತು ಹಾಕುವವರು. ಅದೇ ಸಂಹಿತೆ ಇನ್ನೂ ಮೂರು ಕಟ್ಟು ಹಾಕುತ್ತದೆ: ತಮ್ಮದೇ ಕೋರ್ಟಿನಲ್ಲಿ ವಕೀಲಿ ಮಾಡುವವರ ಜತೆ ನಿಕಟ ಒಡನಾಟ ಬೇಡ, ಕುಟುಂಬ, ಹತ್ತಿರದ ಬಂಧು ಮಿತ್ರರನ್ನು ಬಿಟ್ಟು ಬೇರೆಯವರಿಂದ ಉಡುಗೊರೆ, ಆತಿಥ್ಯ ಬೇಡ, ಯಾವ ಉದ್ದೇಶಕ್ಕೂ ನಿಧಿ ಸಂಗ್ರಹದಲ್ಲಿ ಸಕ್ರಿಯವಾಗಿ ತೊಡಗಬಾರದು. ಈ ಮೂರನೆಯದೇ ಹಳೆ ವಿದ್ಯಾರ್ಥಿ ಸಂಘಗಳು ಹೆಚ್ಚು ಮರೆಯುವ ಕಟ್ಟು. ಉದ್ದೇಶ ಬಡ ವಿದ್ಯಾರ್ಥಿಗಳ ವೇತನವೇ ಆಗಿದ್ದರೂ ನ್ಯಾಯಮೂರ್ತಿಯ ಹೆಸರಿನಲ್ಲಿ ದೇಣಿಗೆ ಕೇಳುವಂತಿಲ್ಲ. ಕೇಳಿದಾಗ ಇಲ್ಲವೆನ್ನುವ ಧೈರ್ಯ ಅದೇ ಕೋರ್ಟಿನ ವಕೀಲನಿಗೆ ಎಲ್ಲಿಂದ ಬರಬೇಕು?

ಲೋಕವೆಲ್ಲ ಉಲ್ಲೇಖಿಸುವ ಇನ್ನೊಂದು ಸಂಹಿತೆ ನಮ್ಮ ರಾಜಧಾನಿಯ ಹೆಸರನ್ನೇ ಹೊತ್ತಿದೆ. 2001ರ ಫೆಬ್ರುವರಿಯಲ್ಲಿ ಹಲವು ದೇಶಗಳ ಹಿರಿಯ ನ್ಯಾಯಮೂರ್ತಿಗಳು ಬೆಂಗಳೂರಿನಲ್ಲಿ ಸೇರಿ ಕರಡು ಮಾಡಿದರು. 2002ರ ನವೆಂಬರಿನಲ್ಲಿ ಹೇಗ್ ನಗರದ ಶಾಂತಿ ಅರಮನೆಯಲ್ಲಿ ಅದು ಅಂತಿಮ ರೂಪ ಪಡೆಯಿತು. ಸ್ವಾತಂತ್ರ್ಯ, ನಿಷ್ಪಕ್ಷತೆ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ಸಾಮರ್ಥ್ಯ ಮತ್ತು ಶ್ರದ್ಧೆ ಎಂಬ ಆರು ಮೌಲ್ಯಗಳ ಈ ಬೆಂಗಳೂರು ತತ್ವಗಳು ನ್ಯಾಯಾಧೀಶರಿಗೂ ಎಲ್ಲ ನಾಗರಿಕರಂತೆ ಸಂಘ ಸೇರುವ ಸ್ವಾತಂತ್ರ್ಯ ಇದೆ ಎಂದು ಒಪ್ಪುತ್ತವೆ, ಹುದ್ದೆಯ ಘನತೆಗೆ ಕುಂದು ಬರದಂತೆ ನಡೆದುಕೊಳ್ಳಬೇಕು ಎನ್ನುತ್ತವೆ. ಸಂದರ್ಭಕ್ಕೆ ತಕ್ಕ ಸಾಂಕೇತಿಕ ಕಾಣಿಕೆ ಪಡೆಯಬಹುದು. ಅದು ಪ್ರಭಾವ ಬೀರಲು ಕೊಟ್ಟದ್ದೆಂದು ಕಾಣಬಾರದು. ಅಂದರೆ ಶಾಲು, ಹಾರ, ಕಾಲೇಜಿನ ಲಾಂಛನದ ಸ್ಮರಣಿಕೆ ಸರಿ. ಬೆಳ್ಳಿ ತಟ್ಟೆ ಕೊಟ್ಟರೆ ಅಲ್ಲೇ ವಾಪಸ್ ಮಾಡುವುದು ಲೇಸು.

ನಮ್ಮಲ್ಲಿ ವಿಶೇಷವಾದ ಇನ್ನೊಂದು ತೊಡಕಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಕುಲಾಧಿಪತಿ ಭಾರತದ ಮುಖ್ಯ ನ್ಯಾಯಮೂರ್ತಿ. ಬೇರೆ ಹಲವು ಕಾನೂನು ವಿಶ್ವವಿದ್ಯಾಲಯಗಳಿಗೆ ಆಯಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಇದು ಆಸೆಪಟ್ಟು ಪಡೆದ ಹುದ್ದೆಯಲ್ಲ, ಕಾಯ್ದೆ ಹೊರಿಸಿದ್ದು. ಆ ವಿಶ್ವವಿದ್ಯಾಲಯದ ಮೇಲೇ ರಿಟ್ ಅರ್ಜಿ ಬಂದಾಗ ಕುಲಾಧಿಪತಿ ಆ ಪೀಠದಲ್ಲಿ ಇರಬಾರದು. ಆದರೆ ಅದೇ ಕೋರ್ಟಿನ ಉಳಿದ ನ್ಯಾಯಮೂರ್ತಿಗಳು ಕೇಳಬಹುದು. ಕೇಳಿ ವಿಶ್ವವಿದ್ಯಾಲಯದ ವಿರುದ್ಧ ತೀರ್ಪು ಕೊಟ್ಟದ್ದೂ ಇದೆ. 2020ರಲ್ಲಿ ಕಾನೂನು ಶಾಲೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಿಟ್ಟು ತನ್ನದೇ ಪ್ರತ್ಯೇಕ ಪರೀಕ್ಷೆ ನಡೆಸಿದಾಗ ಸುಪ್ರೀಂ ಕೋರ್ಟಿನ ಮೂವರ ಪೀಠ ಸೆಪ್ಟೆಂಬರ್ 21ರಂದು ಅದನ್ನು ರದ್ದು ಮಾಡಿತು. ಅದೇ ತಿಂಗಳ 29ರಂದು ಕರ್ನಾಟಕ ಹೈಕೋರ್ಟ್ ಆ ಶಾಲೆಯ ಶೇ 25 ರಾಜ್ಯ ಮೀಸಲಾತಿಯ ತಿದ್ದುಪಡಿ ಕಾಯ್ದೆಯನ್ನೂ ರದ್ದುಪಡಿಸಿತು.

ಇನ್ನು ವಕೀಲರ ಜತೆಗಿನ ನಂಟು. ಕಕ್ಷಿಗಿಂತ ಹೆಚ್ಚಾಗಿ ಅನುಮಾನ ಹುಟ್ಟಿಸುವುದು ಇದೇ. ಅಮೆರಿಕದ ವಕೀಲರ ಒಕ್ಕೂಟದ ನೈತಿಕ ಸಮಿತಿ 2019ರಲ್ಲಿ ಕೊಟ್ಟ ಅಭಿಪ್ರಾಯ ಇಲ್ಲಿ ಬಹಳ ಉಪಯುಕ್ತ. ಅದು ಸಂಬಂಧವನ್ನು ಮೂರು ಮೆಟ್ಟಿಲು ಮಾಡುತ್ತದೆ. ಬರೀ ಪರಿಚಯ: ಒಂದೇ ಕಾಲೇಜು, ಒಂದೇ ಸಂಘ, ಸಮಾರಂಭದಲ್ಲಿ ಎದುರಾದರೆ ನಮಸ್ಕಾರ. ಇದನ್ನು ಹೇಳಬೇಕಾದ್ದೂ ಇಲ್ಲ, ಹಿಂದೆ ಸರಿಯಬೇಕಾದ್ದೂ ಇಲ್ಲ. ಗೆಳೆತನ: ಎಷ್ಟು ಹತ್ತಿರ ಎನ್ನುವುದನ್ನು ನೋಡಿ ಬಹಿರಂಗಪಡಿಸಬೇಕೋ, ಹಿಂದೆ ಸರಿಯಬೇಕೋ ತೀರ್ಮಾನಿಸಬೇಕು. ಆಪ್ತ ಸಂಬಂಧ: ಬಹಿರಂಗಪಡಿಸಲೇಬೇಕು, ಪ್ರೇಮ ಸಂಬಂಧವಾದರೆ ಹಿಂದೆ ಸರಿಯಲೇಬೇಕು. ಹಾಸ್ಟೆಲ್ಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದು, ಈಗಲೂ ಮಕ್ಕಳ ಮದುವೆಗೆ ಮನೆಯವರಂತೆ ಓಡಾಡುವ ಸಹಪಾಠಿ ಮೊದಲ ಮೆಟ್ಟಿಲಲ್ಲಿಲ್ಲ. ಹತ್ತು ವರ್ಷ ಹಿಂದಿನ ಬ್ಯಾಚಿನವನು ಎರಡನೆಯದಕ್ಕೂ ಬರುವುದಿಲ್ಲ.

ಬ್ಯಾಚಿನ ವಾಟ್ಸ್ಆ್ಯಪ್ ಗುಂಪುಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಅರವತ್ತು ಜನರ ಗುಂಪಿನಲ್ಲಿ ಒಬ್ಬರು ಜಿಲ್ಲಾ ನ್ಯಾಯಾಧೀಶರು, ನಲವತ್ತು ಜನ ವಕೀಲರು. ಯಾರೋ ಒಬ್ಬರು ಬಾಕಿ ಇರುವ ಮೊಕದ್ದಮೆಯ ಆದೇಶದ ಪ್ರತಿ ಹಾಕಿ ‘ಇದು ಹೇಗೆ ಸರಿ?’ ಎಂದು ಕೇಳುತ್ತಾರೆ. ನ್ಯಾಯಾಧೀಶರು ಉತ್ತರಿಸದಿದ್ದರೂ ಎರಡು ನೀಲಿ ಗುರುತು ಬೀಳುತ್ತದೆ. ಎದುರು ಪಕ್ಷದ ಗೈರಿನಲ್ಲಿ ಮೊಕದ್ದಮೆಯ ಮಾತು ನ್ಯಾಯಾಧೀಶರಿಗೆ ಮುಟ್ಟಿದಂತಾಯಿತು. ಅಂಥ ಗುಂಪಿನಿಂದ ಹೊರಬರುವುದೇ ಸರಿಯಾದ ದಾರಿ. ಶುಭಾಶಯಕ್ಕೆ ಬೇರೆ ಮಾರ್ಗಗಳಿವೆ.

ಸಂಘ ನಡೆಸುವವರು ಮಾಡಬಹುದಾದ್ದು ಇಷ್ಟು. ಲೆಟರ್‌ಹೆಡ್ಡಿನಲ್ಲಿ ನ್ಯಾಯಮೂರ್ತಿಯ ಪದನಾಮ ಹಾಕುವುದಾದರೆ ಉಳಿದವರ ಪದನಾಮವನ್ನೂ ಹಾಕಿ. ಅಮೆರಿಕದ ಫೆಡರಲ್ ನ್ಯಾಯಾಧೀಶರ ಸಂಹಿತೆ ಹೇಳುವುದೂ ಇದನ್ನೇ. ದೇಣಿಗೆ ಕೇಳುವ ಪತ್ರದಲ್ಲಿ ಮಾತ್ರ ಅವರ ಸಹಿ, ಫೋಟೋ ಬೇಡ. ಸಮಾರಂಭದ ಪ್ರಾಯೋಜಕರ ಪಟ್ಟಿಯನ್ನು ಆಹ್ವಾನ ಕೊಡುವಾಗಲೇ ಕೈಗಿಡಿ. ಪ್ರಾಯೋಜಕ ಕಂಪನಿಯ ಮೊಕದ್ದಮೆ ಅವರ ಪೀಠದಲ್ಲೇ ಇರಬಹುದು, ಅದು ನಿಮಗಿಂತ ಚೆನ್ನಾಗಿ ಅವರಿಗೆ ಗೊತ್ತು. ಪ್ರತಿ ವರ್ಷ ನ್ಯಾಯಾಧೀಶ ಸದಸ್ಯರ ಪಟ್ಟಿಯಲ್ಲಿ ಕೋರ್ಟಿನ ಹೆಸರು ಪರಿಷ್ಕರಿಸಿ: ವರ್ಗಾವಣೆ, ಬಡ್ತಿ, ನಿವೃತ್ತಿ. ನಿವೃತ್ತರನ್ನು ಸೇವೆಯಲ್ಲಿರುವವರ ಸಾಲಿನಲ್ಲಿ ಬಿಟ್ಟರೆ ಓದುವವರಿಗೆ ತಪ್ಪು ಅರ್ಥ ಹೋಗುತ್ತದೆ. ಸಂಘವೇ ಯಾವುದಾದರೂ ವ್ಯಾಜ್ಯದಲ್ಲಿ ಸಿಕ್ಕಿದ್ದರೆ ಅಂದೇ ಅವರಿಗೆಲ್ಲ ಲಿಖಿತವಾಗಿ ತಿಳಿಸಿ.

ಕಕ್ಷಿದಾರನ ಕಡೆಯಿಂದ ನೋಡಿದರೆ ಮೊದಲ ಪ್ರಶ್ನೆ ಕಾಲದ್ದು. ಆಕ್ಷೇಪವನ್ನು ವಿಷಯ ಗೊತ್ತಾದ ಮೊದಲ ಅವಕಾಶದಲ್ಲೇ ಎತ್ತಬೇಕು. 1957ರ ಮಾಣಕ್ ಲಾಲ್ ಪ್ರಕರಣದಲ್ಲಿ ವಕೀಲರೊಬ್ಬರ ನಡತೆ ವಿಚಾರಿಸಿದ ನ್ಯಾಯಮಂಡಳಿಯ ಅಧ್ಯಕ್ಷರು ಹಿಂದೆ ಎದುರು ಪಕ್ಷದ ಪರ ವಾದಿಸಿದ್ದವರು. ಅವರು ಅಲ್ಲಿ ಕೂರಬಾರದಿತ್ತು ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ಅರ್ಜಿ ಹಾಕಿದ್ದ ಆ ವಕೀಲರು ಸೋತರು; ವಿಷಯ ಗೊತ್ತಿದ್ದೂ ಮೊದಲೇ ಹೇಳದೆ ಫಲಿತಾಂಶಕ್ಕಾಗಿ ಕಾದದ್ದೇ ಅವರಿಗೆ ಮುಳುವಾಯಿತು. ಗೆದ್ದರೆ ಸುಮ್ಮನಿರೋಣ, ಸೋತರೆ ಹೇಳೋಣ ಎಂಬ ಲೆಕ್ಕವನ್ನು ಕೋರ್ಟು ಸಹಿಸುವುದಿಲ್ಲ.

ಆಮೇಲೆ ಸಂಗತಿಗಳನ್ನು ಜೋಡಿಸಿಕೊಳ್ಳಿ. ಯಾವ ಹುದ್ದೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಮೊಕದ್ದಮೆಯ ಯಾವ ಕಕ್ಷಿಗೆ ಅದರಿಂದ ಏನು ಲಾಭ, ಇದು ನಿಮಗೆ ಗೊತ್ತಾದದ್ದು ಹೇಗೆ. ಈ ನಾಲ್ಕಕ್ಕೆ ಉತ್ತರ ಇಲ್ಲದಿದ್ದರೆ ಅರ್ಜಿ ಹಾಕಬೇಡಿ. ವಕೀಲರು ಮೊದಲು ಎದುರು ವಕೀಲರಿಗೆ ತಿಳಿಸಿ, ನಂತರ ತೆರೆದ ಕೋರ್ಟಿನಲ್ಲಿ ವಿನಯದಿಂದ ಪ್ರಸ್ತಾಪಿಸುತ್ತಾರೆ. ಬಹಳಷ್ಟು ಸಲ ವಿಷಯ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಅಫಿಡವಿಟ್ ಜತೆ ಲಿಖಿತ ಅರ್ಜಿ. ಕೆಳ ನ್ಯಾಯಾಲಯ ಒಪ್ಪದಿದ್ದರೆ ಸಿವಿಲ್ ಮೊಕದ್ದಮೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಕೆಳಗೆ ಜಿಲ್ಲಾ ನ್ಯಾಯಾಲಯ ಅಥವಾ ಹೈಕೋರ್ಟಿನಲ್ಲಿ ವರ್ಗಾವಣೆ ಕೇಳಬಹುದು. ಕ್ರಿಮಿನಲ್ ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 448ನೇ ಕಲಂ ಕೆಳಗೆ ಸೆಷನ್ಸ್ ನ್ಯಾಯಾಧೀಶರಲ್ಲಿ, 447ರ ಕೆಳಗೆ ಹೈಕೋರ್ಟಿನಲ್ಲಿ. ಹೈಕೋರ್ಟ್, ಸುಪ್ರೀಂ ಕೋರ್ಟುಗಳಲ್ಲಿ ಮಾತ್ರ ಮನವಿಯನ್ನು ಅದೇ ನ್ಯಾಯಮೂರ್ತಿಯ ಮುಂದೆಯೇ ಇಡಬೇಕು, ತೀರ್ಮಾನವೂ ಅವರದ್ದೇ. ನ್ಯಾಯಮೂರ್ತಿಯ ಮನೆಗೋ ಕಚೇರಿಗೋ ನೇರ ಪತ್ರ ಬರೆಯುವುದು, ಪತ್ರದ ಪ್ರತಿಯನ್ನು ಪತ್ರಿಕೆಗೆ ಕೊಡುವುದು ಎರಡೂ ಕೆಡುಕು. ಆಧಾರವಿಲ್ಲದ ಆರೋಪ ನ್ಯಾಯಾಂಗ ನಿಂದನೆಗೆ ದಾರಿಯಾಗುತ್ತದೆ.

ನ್ಯಾಯಮೂರ್ತಿಗಳು ಎಲ್ಲ ಆಕ್ಷೇಪಕ್ಕೂ ತಲೆಬಾಗಿ ಹಿಂದೆ ಸರಿದರೆ ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ಅಲ್ಲ. ತನಗೆ ಬೇಡದ ಪೀಠವನ್ನು ತಪ್ಪಿಸಿ ಬೇಕಾದ ಪೀಠವನ್ನು ಆರಿಸಿಕೊಳ್ಳಲು ಅದು ಸುಲಭದ ದಾರಿಯಾಗುತ್ತದೆ. 2015ರಲ್ಲಿ ನ್ಯಾಯಾಂಗ ನೇಮಕಾತಿ ಆಯೋಗದ ಪ್ರಕರಣದಲ್ಲಿ ನ್ಯಾಯಮೂರ್ತಿ ಖೇಹರ್ ಹಿಂದೆ ಸರಿಯಲು ಒಪ್ಪದೆ, ಸಕಾರಣವಿಲ್ಲದೆ ಎದ್ದುಹೋಗುವುದು ಪ್ರಮಾಣವಚನಕ್ಕೆ ತಕ್ಕದ್ದಲ್ಲ ಎಂದು ವಿವರವಾಗಿ ಬರೆದರು. ಅದೇ ಪ್ರಕರಣದಲ್ಲಿ ನ್ಯಾಯಮೂರ್ತಿ ಕುರಿಯನ್ ಜೋಸೆಫ್, ಹಿಂದೆ ಸರಿಯುವವರು ಕಾರಣವನ್ನೂ ಹೇಳಬೇಕು ಎಂದರು. ನಮ್ಮಲ್ಲಿ ಇಂದಿಗೂ ಎಷ್ಟೋ ಆದೇಶಗಳಲ್ಲಿ ಕಾರಣ ಇರುವುದಿಲ್ಲ, ‘ನನ್ನ ಮುಂದೆ ಬೇಡ’ ಎಂಬ ಒಂದು ಸಾಲು ಅಷ್ಟೆ. ಕಾರಣ ಬರೆದಿದ್ದರೆ ಮುಂದಿನ ಕಕ್ಷಿದಾರನಿಗೆ ಗೆರೆ ಎಲ್ಲಿದೆ ಎಂದು ಗೊತ್ತಾಗುತ್ತಿತ್ತು. ಅದಿಲ್ಲದ್ದರಿಂದಲೇ ಊಹಾಪೋಹ ಬೆಳೆಯುತ್ತದೆ.

ಆದೇಶ ಆದ ಮೇಲೆ ಕಡತ ರಿಜಿಸ್ಟ್ರಿಗೆ ಹೋಗುತ್ತದೆ. ಪೀಠ ಹಂಚುವ ಅಧಿಕಾರ ಮುಖ್ಯ ನ್ಯಾಯಮೂರ್ತಿಯದ್ದು. ಅವರ ಅನುಮತಿ ಪಡೆದು ಆ ನ್ಯಾಯಮೂರ್ತಿ ಸದಸ್ಯರಲ್ಲದ ಬೇರೆ ಪೀಠದ ಮುಂದೆ ಮೊಕದ್ದಮೆಯನ್ನು ಪಟ್ಟಿ ಮಾಡಲಾಗುತ್ತದೆ. ಮಧ್ಯಂತರ ತಡೆಯಾಜ್ಞೆ ಇದ್ದರೆ ಅದರ ಅವಧಿ ಎಂದಿಗೆ ಮುಗಿಯುತ್ತದೆಂದು ಅಂದೇ ನೋಡಿ, ವಿಸ್ತರಣೆಯನ್ನೂ ಅದೇ ಆದೇಶದಲ್ಲಿ ಕೇಳಿಕೊಳ್ಳಬೇಕು. ಹೊಸ ಪೀಠ ಸಿಗುವ ಮೊದಲೇ ಅವಧಿ ಮುಗಿದರೆ ಎದುರು ಪಕ್ಷ ಬೆಳಗಾಗುವುದರೊಳಗೆ ಗೋಡೆ ಕೆಡವಿರುತ್ತದೆ.